ಧೈರ್ಯಕ್ಕೊಂದು ಕರೆ

"ಇವನಿಗೆ ಹೆದರಿಕೆ ಅಂತ ಒಂದಿಲ್ಲ ಮೇಡಂ. ನೀವೇ ಎಂತಾದ್ರೂ ಹೇಳಿ." ಕಲ್ಲಡ್ಕದ ನನ್ನ ಕೋಣೆಯ ಬಾಗಿಲಲ್ಲಿ ನಿಂತು ತಾಯಂದಿರು ಆಡುವ ಮೊದಲ ಮಾತು ಹೆಚ್ಚುಕಡಿಮೆ ಇದೇ. ಹಿಂದೆ ಹುಡುಗ ನಿಂತಿರುತ್ತಾನೆ. ಮೊಣಕೈಯಲ್ಲಿ ಒಣಗುತ್ತಿರುವ ಗಾಯ, ಕಣ್ಣು ಕಿಟಕಿಯಾಚೆ ಹೆದ್ದಾರಿಯ ಮೇಲೆ. ಆಪ್ತಸಮಾಲೋಚಕಿಯಾಗಿ ಹದಿನೈದು ವರ್ಷ ಕಳೆದವು. ಬಂಟ್ವಾಳ, ವಿಟ್ಲ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಿಂದ ಇಂಥವರು ಬರುತ್ತಲೇ ಇದ್ದಾರೆ. ಒಬ್ಬನಿಗೆ ಬೈಕಿನ ವೇಗ, ಇನ್ನೊಬ್ಬನಿಗೆ ಹೊಳೆಯ ಆಳದ ಕಯ, ಮತ್ತೊಬ್ಬನಿಗೆ ಜಲಪಾತದ ಜಾರುಬಂಡೆ, ಮಗದೊಬ್ಬನಿಗೆ ಮೊಬೈಲಿನ ಬೆಟ್ಟಿಂಗ್. ದಾರಿ ಬೇರೆ, ಹಂಬಲ ಒಂದೇ. ನಮ್ಮ ಕಡೆ ಅದಕ್ಕೊಂದು ಶಬ್ದ ಉಂಟು: ಗಮ್ಮತ್ತು.

ಕೆಲಸ ಶುರು ಮಾಡಿದ ಹೊಸತರಲ್ಲಿ ಆ ಹಂಬಲವನ್ನೇ ಬೇರುಸಹಿತ ಕೀಳಬೇಕು ಎಂದುಕೊಂಡಿದ್ದೆ. ಅಪಘಾತದ ಚಿತ್ರ ತೋರಿಸಿದೆ, ತಾಯಿಯ ಕಣ್ಣೀರು ನೆನಪಿಸಿದೆ. ಹುಡುಗರು ತಲೆಯಾಡಿಸಿ ಎದ್ದು ಹೋದರು, ಎರಡನೇ ಸಲ ಬರಲಿಲ್ಲ. ಆಮೇಲೆ ಬಂದವರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮನೆಯಲ್ಲಿ ಇಂಥ ಮಗ ಅಥವಾ ಮಗಳು ಇದ್ದವರಿಗೆ, ತರಗತಿಯಲ್ಲಿ ಇಂಥವರಿಗೆ ಪಾಠ ಮಾಡುವವರಿಗೆ ಇದು ಉಪಯೋಗಕ್ಕೆ ಬರಲಿ.

1. ಅವರಿಗೂ ಹೆದರಿಕೆ ಆಗುತ್ತದೆ

ಪಾಣೆಮಂಗಳೂರು ಕಡೆಯ ಒಬ್ಬ ಹುಡುಗ. ಪಿಯುಸಿ ಮುಗಿದಿತ್ತು. ನೇತ್ರಾವತಿಯ ದಡದ ಎತ್ತರದ ಬಂಡೆಯಿಂದ ಕಯಕ್ಕೆ ಹಾರುವುದು ಅವನ ಗೀಳು. "ಹೆದರಿಕೆ ಆಗುದಿಲ್ವಾ?" ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಆಗ್ತದೆ ಅಕ್ಕ. ಕಾಲು ನಡುಗ್ತದೆ. ಆದ್ರೆ ನೀರಿಂದ ಮೇಲೆ ಬರುವಾಗ ಒಂದು ಥರ ಆಗ್ತದಲ್ಲ, ಅದಕ್ಕೆ ಹಾರುದು."

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಸಾಲೊಮನ್ 1970ರ ದಶಕದಲ್ಲಿ ವಿವರಿಸಿದ್ದನ್ನು ಈ ಹುಡುಗ ಒಂದೇ ವಾಕ್ಯದಲ್ಲಿ ಹೇಳಿದ್ದ. ಒಂದು ತೀವ್ರ ಭಾವ ಎದ್ದರೆ ಅದನ್ನು ಸಮತೋಲಕ್ಕೆ ತರಲು ಒಳಗೆ ಅದರ ವಿರುದ್ಧ ಭಾವವೂ ಏಳುತ್ತದೆ ಎಂಬುದು ಅವರ ಸಿದ್ಧಾಂತ. ಭಯ ಥಟ್ಟನೆ ಇಳಿದಾಗ ಆ ವಿರುದ್ಧ ಭಾವ, ಅಂದರೆ ಹಿಗ್ಗು, ಒಂಟಿಯಾಗಿ ಉಳಿಯುತ್ತದೆ. ಪ್ಯಾರಾಚೂಟ್ ಕಟ್ಟಿ ಹಾರುವವರನ್ನೇ ಅವರು ಉದಾಹರಣೆಯಾಗಿ ಕೊಟ್ಟರು. ಪದೇ ಪದೇ ಹಾರಿದಂತೆ ಭಯ ಸವೆಯುತ್ತದೆ, ಆಮೇಲಿನ ಹಿಗ್ಗು ಬಲಿಯುತ್ತದೆ.

ಇದು ತಿಳಿದ ಮೇಲೆ ನನ್ನ ಪ್ರಶ್ನೆ ಬದಲಾಯಿತು. "ಯಾಕೆ ಹಾರಿದೆ?" ಎಂದರೆ ಹುಡುಗ ಸಮರ್ಥನೆಗೆ ಇಳಿಯುತ್ತಾನೆ. "ಹಾರಿದ ಮೇಲೆ ಎಂತ ಆಗ್ತದೆ?" ಎಂದರೆ ಮಾತು ತೆರೆಯುತ್ತದೆ. ಹೆದರಿಸಿ ತಡೆಯುವ ಉಪಾಯ ಇವರ ಮೇಲೆ ಯಾಕೆ ಸೋಲುತ್ತದೆ ಎಂಬುದೂ ಆಗ ಅರ್ಥವಾಯಿತು. ನಾವು ಕೊಡುವ ಹೆದರಿಕೆ ಅವರ ಒಲೆಗೆ ಇನ್ನೊಂದು ಕಟ್ಟಿಗೆ.

2. ಇದು ಕಾಯಿಲೆಯಲ್ಲ, ಸ್ವಭಾವ. ಅದಕ್ಕೆ ನಾಲ್ಕು ಕವಲು

ರೋಮಾಂಚನ ಬೇಕೆನ್ನುವ ಈ ಸ್ವಭಾವವನ್ನು ಅಳೆಯಲು ಮೊದಲ ಮಾಪಕ ತಯಾರಿಸಿದವರು ಮನೋವಿಜ್ಞಾನಿ ಮಾರ್ವಿನ್ ಜುಕರ್‌ಮನ್, 1964ರಲ್ಲಿ. ಹೊಸತು, ಬಗೆಬಗೆಯದು, ತೀವ್ರವಾದದ್ದು ಬೇಕೆಂಬ ಹಂಬಲ, ಮತ್ತು ಅದಕ್ಕಾಗಿ ದೇಹಕ್ಕೆ, ಮಾನಕ್ಕೆ, ಹಣಕ್ಕೆ, ಕಾನೂನಿಗೆ ಸಂಬಂಧಿಸಿದ ಅಪಾಯವನ್ನು ತೆಗೆದುಕೊಳ್ಳುವ ಸಿದ್ಧತೆ: ಅವರ ವ್ಯಾಖ್ಯೆಯ ಸಾರ ಇದು. 1978ರಲ್ಲಿ ಬಂದ ಪರಿಷ್ಕೃತ ಮಾಪಕದಲ್ಲಿ 40 ಪ್ರಶ್ನೆಗಳಿವೆ. ನಾಲ್ಕು ಕವಲು, ಕವಲಿಗೆ ಹತ್ತರಂತೆ.

ಅವನ್ನು ನಮ್ಮ ಊರಿಗೆ ತಂದರೆ ಹೀಗೆ. ಮೊದಲನೆಯದು ಮೈಯ ಸಾಹಸ: ಗಡಾಯಿಕಲ್ಲಿನ ಬಂಡೆ ಹತ್ತುವವನು, ಹೊಳೆಗೆ ಹಾರುವವನು. ಎರಡನೆಯದು ಅನುಭವದ ಹಸಿವು: ಗೊತ್ತಿಲ್ಲದ ಊರಿಗೆ ಒಬ್ಬನೇ ಬಸ್ಸು ಹತ್ತುವವನು, ಬೆಳಗಿನ ತನಕ ಯಕ್ಷಗಾನದ ಆಟ ನೋಡಿ ಮರುದಿನ ಇನ್ನೊಂದು ಮೇಳ ಹುಡುಕುವವನು. ಮೂರನೆಯದು ಕಟ್ಟು ಬಿಚ್ಚುವ ಆಸೆ: ಕುಡಿತ, ಪಂಥ, ಜೂಜು. ನಾಲ್ಕನೆಯದು ಬೇಸರ ತಾಳಲಾರದ ಗುಣ.

ಒಂದರಲ್ಲಿ ಹೆಚ್ಚು ಇರುವವನು ಉಳಿದ ಮೂರರಲ್ಲೂ ಹೆಚ್ಚು ಇರಬೇಕೆಂದಿಲ್ಲ. ಬೆಟ್ಟ ಹತ್ತುವ ಹುಡುಗ ಕುಡಿತ ಮುಟ್ಟದಿರಬಹುದು. ಮನೆಯ ಮೆಟ್ಟಿಲಿಳಿಯಲು ಉದಾಸೀನ ಪಡುವ ಹುಡುಗ ರಾತ್ರಿಯಿಡೀ ಮೊಬೈಲಿನಲ್ಲಿ ಹಣ ಕಟ್ಟುತ್ತಿರಬಹುದು. ಹೆತ್ತವರು "ಇವನು ಹೀಗೇ" ಎಂದು ಒಟ್ಟಿಗೆ ಕಟ್ಟಿ ತರುವ ಮೂಟೆಯನ್ನು ಮೊದಲು ಬಿಚ್ಚಿ ಬೇರ್ಪಡಿಸಬೇಕು. ಯಾವ ಕವಲು ಹಸಿದಿದೆ ಎಂದು ತಿಳಿಯದೆ ಊಟ ಬಡಿಸಲಾಗದು.

3. ಉದಾಸೀನದ ಕತೆ ಮೊದಲು ಕೇಳಿ

ನಮ್ಮ ಜಿಲ್ಲೆಯ ಕನ್ನಡದಲ್ಲಿ 'ಉದಾಸೀನ' ಎಂದರೆ ತಾತ್ಸಾರವಲ್ಲ; ಬೇಸರ, ಜಡ, ಏನೂ ಬೇಡವೆನಿಸುವುದು. "ಉದಾಸೀನ ಆಗ್ತದೆ ಮೇಡಂ" ಎಂಬ ಮಾತನ್ನು ಹುಡುಗರ ಬಾಯಲ್ಲಿ ಕೇಳಿದಷ್ಟು ಬೇರೆ ಯಾವ ಮಾತನ್ನೂ ನಾನು ಕೇಳಿಲ್ಲ. ಅದನ್ನು ಬಹುಕಾಲ ಸೋಮಾರಿತನದ ನೆಪ ಎಂದೇ ತಿಳಿದಿದ್ದೆ.

ಜುಕರ್‌ಮನ್ ಅವರ ಸಂಶೋಧನೆ ಹುಟ್ಟಿದ್ದೂ ಬೇಸರದ ಕೋಣೆಯಲ್ಲಿ. ಬೆಳಕು, ಸದ್ದು, ಮಾತು ಯಾವುದೂ ಇಲ್ಲದ ಕೋಣೆಯಲ್ಲಿ ಜನರನ್ನು ಗಂಟೆಗಟ್ಟಲೆ ಇರಿಸಿ ನೋಡುವ ಪ್ರಯೋಗಗಳು ಆ ಕಾಲದಲ್ಲಿ ನಡೆಯುತ್ತಿದ್ದವು. ಕೆಲವರು ಸುಮ್ಮನೆ ಮಲಗಿರುತ್ತಿದ್ದರು, ಕೆಲವರಿಗೆ ಅದು ಹಿಂಸೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಿದಾಗಲೇ ಆ ಮಾಪಕ ರೂಪುಗೊಂಡದ್ದು. ಒಬ್ಬನಿಗೆ ನೆಮ್ಮದಿಯಾದ ಸಂಜೆ ಇನ್ನೊಬ್ಬನಿಗೆ ಉಸಿರುಗಟ್ಟುವ ಕೋಣೆ. ಇದು ನಾಟಕವಲ್ಲ.

ಪರೀಕ್ಷೆ ಮುಗಿದು ಫಲಿತಾಂಶ ಬಾರದ ದಿನಗಳು, ಕೆಲಸ ಬಿಟ್ಟು ಮನೆಗೆ ಬಂದ ತಿಂಗಳುಗಳು, ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನವೆಲ್ಲ ಕೆರೆಯಾಗುವ ಮಳೆಗಾಲ: ನನ್ನ ಬಳಿಗೆ ಬಂದ ಕತೆಗಳಲ್ಲಿ ಹೆಚ್ಚಿನವು ಇಂಥ ಖಾಲಿ ಕಾಲದಲ್ಲಿ ಶುರುವಾದವು. ಆದ್ದರಿಂದ ಅಪಾಯದ ಕತೆಗಿಂತ ಮೊದಲು ನಾನು ಒಂದು ವಾರದ ದಿನಚರಿ ಬರೆಸುತ್ತೇನೆ. ಎದ್ದದ್ದು, ಉಂಡದ್ದು, ಯಾರೊಡನೆ ಇದ್ದದ್ದು, ಯಾವ ಹೊತ್ತಿಗೆ ಮೈ ಚಡಪಡಿಸಿತು. ಆ ಹಾಳೆಯಲ್ಲಿ ಸಂಜೆ ನಾಲ್ಕರಿಂದ ಏಳರ ತನಕ ಖಾಲಿ ಇದ್ದರೆ ನಮ್ಮ ಕೆಲಸ ಎಲ್ಲಿಂದ ಆರಂಭವಾಗಬೇಕು ಎಂದು ಇಬ್ಬರಿಗೂ ತಿಳಿಯುತ್ತದೆ.

4. ಧೈರ್ಯ ಬೇರೆ, ದುಡುಕು ಬೇರೆ

ಕಲ್ಲಡ್ಕದ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದವರಿಗೆ ಗೊತ್ತು. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ನಡುವೆ ಗೆರೆ ಎಳೆದಂತೆ. ಚಮಚ ಹಾಕಿ ಕಲಕುವ ತನಕ ಒಂದು ಇನ್ನೊಂದರೊಳಗೆ ಸೇರುವುದಿಲ್ಲ. ರೋಮಾಂಚನದ ಹಂಬಲ ಮತ್ತು ದುಡುಕು ಕೂಡ ಹೀಗೆ ಎರಡು ಪದರ. ಹೊರಗಿನಿಂದ ನೋಡಿದವರಿಗೆ ಒಂದೇ ಚಹಾ. ಹಂಬಲ ಇದ್ದು ದುಡುಕು ಇಲ್ಲದವರು ಒಳ್ಳೆಯ ಅಗ್ನಿಶಾಮಕರು, ಶಸ್ತ್ರವೈದ್ಯರು, ಚಾರಣದ ಮುಂದಾಳುಗಳು ಆಗಬಲ್ಲರು. ಎರಡೂ ಕಲಕಿ ಹೋದಲ್ಲಿ ಆಪತ್ತು.

ಈ ವ್ಯತ್ಯಾಸವನ್ನು ನನಗೆ ಕಣ್ಣಾರೆ ಕಲಿಸಿದವರು ಅಡಿಕೆ ಕೊಯ್ಯುವವರು. ಕಾಲಿಗೆ ತಳೆ ಹಾಕಿ, ಐವತ್ತು ಅಡಿ ಮೇಲೆ ಹೋಗಿ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವವರನ್ನು ಕೆಳಗಿನಿಂದ ನೋಡಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಅವರ ಕೈಯನ್ನು ಗಮನಿಸಿ. ಹತ್ತುವ ಮೊದಲು ಮರವನ್ನು ಮುಟ್ಟಿ ನೋಡುತ್ತಾರೆ, ತಳೆಯನ್ನು ಎಳೆದು ನೋಡುತ್ತಾರೆ. ಪಾಚಿ ಜಾರುವ ದಿನ "ಇವತ್ತು ಬೇಡ" ಎಂದು ಹೇಳಲು ಅವರಿಗೆ ನಾಚಿಕೆಯಿಲ್ಲ. ಅಂಥ ಕೈಗಳು ಇಂದು ಕಡಿಮೆಯಾಗಿವೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಕೂತು ಮರ ಏರುವ ಪೆಟ್ರೋಲ್ ಯಂತ್ರವನ್ನು ಮಾಡಿ 2019ರಲ್ಲಿ ದೇಶದ ಗಮನ ಸೆಳೆದದ್ದು ಈ ಕೊರತೆಯಿಂದಲೇ. ಆ ಯಂತ್ರದಲ್ಲೂ ನನಗೆ ಮುಖ್ಯವಾಗಿ ಕಂಡದ್ದು ಸೀಟ್ ಬೆಲ್ಟ್ ಮತ್ತು ಬ್ರೇಕು. ಏರುವ ಆಸೆಯ ಜೊತೆಗೇ ಇಳಿಯುವ ಎಚ್ಚರವನ್ನೂ ಕಟ್ಟಿದ್ದಾರೆ.

ಅಂದಿನಿಂದ ಪ್ರತಿಯೊಬ್ಬ ಹುಡುಗನಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ಅರ್ಧಕ್ಕೆ ವಾಪಸ್ ಬಂದದ್ದು ಯಾವಾಗ?" ನೀರು ಕಲಕಿ ಹೋಗಿದೆ ಎಂದು ಹಾರದೆ ಬಂದದ್ದು, ಮಂಜು ದಟ್ಟವಾಯಿತೆಂದು ಚಾರ್ಮಾಡಿ ಘಾಟಿ ಹತ್ತದೆ ಬೈಕು ತಿರುಗಿಸಿದ್ದು. ಹೀಗೆ ಎರಡು ಮೂರು ಕತೆ ಹೇಳಿದ ಹುಡುಗನ ಬಗ್ಗೆ ನನ್ನ ಆತಂಕ ಇಳಿಯುತ್ತದೆ. "ಯಾವತ್ತೂ ಇಲ್ಲ" ಎಂದು ಎದೆಯುಬ್ಬಿಸಿದವನನ್ನು ವಾರದೊಳಗೆ ಮತ್ತೆ ಬರಹೇಳುತ್ತೇನೆ.

5. ಗಮ್ಮತ್ತಿಗೆ ಒಂದು ಕರೆ ಕಟ್ಟಿಕೊಡಿ

ಎಲ್ಲ ಪಾಠಗಳ ನಡುಗಂಬ ಇದು.

ಕಂಬಳ ನೋಡಿದವರಿಗೆ ಕರೆ ಗೊತ್ತು. ಕೆಸರು ನೀರು ತುಂಬಿದ ಓಟದ ಹಾದಿ. ಒಂದು ತುದಿಯಲ್ಲಿ ಕೋಣಗಳು ಹೊರಡುವ ಗಂತು, ಇನ್ನೊಂದು ತುದಿಯಲ್ಲಿ ಅವು ಓಡಿ ಹತ್ತಿ ನಿಲ್ಲುವ ಮಂಜೊಟ್ಟಿ. ಎರಡು ಬದಿ ಕಟ್ಟೆ. ಓಡುವವನ ಹಿಂದೆ ಕೋಣದ ಯಜಮಾನರಿದ್ದಾರೆ, ಸಮಯ ಅಳೆಯುವವರಿದ್ದಾರೆ, ತಪ್ಪು ಹಿಡಿಯುವ ತೀರ್ಪುಗಾರರಿದ್ದಾರೆ, ರಾತ್ರಿಯಿಡೀ ನೋಡುವ ಊರಿದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ಹೊಸಬ ಯಾವುದರಲ್ಲಿ ಓಡಬೇಕು, ಹಳಬ ಯಾವುದರಲ್ಲಿ ಎಂಬುದಕ್ಕೆ ಕ್ರಮವಿದೆ. ಎಷ್ಟು ವೇಗ ಬೇಕಾದರೂ ಇರಲಿ, ಅದು ಹದಿಮೂರು ಹದಿನಾಲ್ಕು ಸೆಕೆಂಡಿಗೆ ಮಂಜೊಟ್ಟಿಯಲ್ಲಿ ಮುಗಿಯುತ್ತದೆ.

2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ನೂರು ಮೀಟರಿಗೆ ಲೆಕ್ಕ ಹಾಕಿದರೆ 9.55 ಎಂದು ಯಾರೋ ಭಾಗಿಸಿ ನೋಡಿದರು, ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಹಿಡಿದು ಕುಣಿಯಿತು. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರು ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಕೇಂದ್ರ ಕ್ರೀಡಾ ಸಚಿವರೇ ಟ್ರ್ಯಾಕ್ ಓಟದ ಪರೀಕ್ಷೆಗೆ ಕರೆಸಲು ಮುಂದಾದಾಗ ಶ್ರೀನಿವಾಸ ಗೌಡರು ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ವಿನಯದಿಂದಲೇ ಹಿಂದೆ ಸರಿದರು. ಆ ಸುದ್ದಿ ಓದಿದ ದಿನ ನನಗೆ ಅವರ ಓಟಕ್ಕಿಂತ ಈ ಮಾತು ದೊಡ್ಡದಾಗಿ ಕಂಡಿತು. ತನ್ನ ಧೈರ್ಯ ಯಾವ ನೆಲದ್ದು ಎಂದು ಅವರಿಗೆ ಗೊತ್ತಿತ್ತು. ಅವರು ತರಬೇತಿ ಪಡೆದದ್ದು ಗುಣಪಾಲ ಕಡಂಬರು 2011ರಲ್ಲಿ ಆರಂಭಿಸಿದ ಕಂಬಳ ಅಕಾಡೆಮಿಯಲ್ಲಿ. ಹುಟ್ಟಿನಿಂದ ಬಂದ ವೇಗಕ್ಕೂ ಗುರು ಬೇಕಾಯಿತು, ಅಭ್ಯಾಸ ಬೇಕಾಯಿತು.

ಬ್ರಿಟಿಷ್ ಮನೋವಿಜ್ಞಾನಿ ಮೈಕೆಲ್ ಆಪ್ಟರ್ 1992ರ ತಮ್ಮ ಪುಸ್ತಕದಲ್ಲಿ ಇದನ್ನೇ ಬೇರೆ ಮಾತಿನಲ್ಲಿ ವಿವರಿಸಿದ್ದಾರೆ. ಅಪಾಯದ ಅಂಚು ಹಿಗ್ಗು ಕೊಡಬೇಕಾದರೆ ಮನಸ್ಸಿನ ಸುತ್ತ ಒಂದು ರಕ್ಷೆಯ ಚೌಕಟ್ಟು ಇರಬೇಕು. ಪಂಜರದೊಳಗಿನ ಹುಲಿ ರೋಮಾಂಚನ, ಪಂಜರವಿಲ್ಲದ ಹುಲಿ ಭಯ, ಹುಲಿಯಿಲ್ಲದ ಪಂಜರ ಉದಾಸೀನ. ಕೌಶಲ, ಸಲಕರಣೆ, ನಂಬಿಗಸ್ತ ಜೊತೆಗಾರ, ಇವೆಲ್ಲ ಸೇರಿ ಆ ಚೌಕಟ್ಟು. ಆದರೆ ಮನಸ್ಸು ಇಲ್ಲದ ಚೌಕಟ್ಟನ್ನೂ ಇದೆ ಎಂದು ಭ್ರಮಿಸಬಲ್ಲದು. "ನನಗೆ ಎಂತದೂ ಆಗುದಿಲ್ಲ" ಎಂಬುದು ಅಂಥ ಭ್ರಮೆಯ ಪಂಜರ.

ಹಾಗಾಗಿ ನಾನು ಹುಡುಗನ ಮುಂದೆ ಕಾಗದ ಇಟ್ಟು ಅವನದೇ ಕರೆಯನ್ನು ಬರೆಸುತ್ತೇನೆ. ಗಂತು ಎಲ್ಲಿ: ಹೊರಡುವ ಮೊದಲು ಎಂತದೆಲ್ಲ ಪರೀಕ್ಷಿಸಬೇಕು? ಮಂಜೊಟ್ಟಿ ಎಲ್ಲಿ: ಯಾವಾಗ ನಿಲ್ಲಬೇಕು? ಕಟ್ಟೆ ಯಾವುದು: ಯಾವುದನ್ನು ದಾಟಬಾರದು? ಯಜಮಾನ ಯಾರು: "ಇವತ್ತು ಬೇಡ" ಎಂದರೆ ಯಾರ ಮಾತು ಕೇಳುತ್ತೀ? ಈ ನಾಲ್ಕಕ್ಕೆ ಉತ್ತರವಿರುವ ಸಾಹಸವನ್ನು ನಾನು ತಡೆಯುವುದಿಲ್ಲ. ವೇಗ ಬೇಕಾದವನಿಗೆ ಓಟದ ಮೈದಾನ ಹುಡುಕುತ್ತೇವೆ, ನೀರು ಬೇಕಾದವನಿಗೆ ಈಜು ಕಲಿಸುವವರನ್ನು, ಎತ್ತರ ಬೇಕಾದವನಿಗೆ ಹಗ್ಗ ಕಟ್ಟಿ ಏರಿಸುವವರನ್ನು. ಬರಿದೇ "ಬಿಡು" ಎಂದರೆ ಹಂಬಲ ಬಿಡುವುದಿಲ್ಲ, ಕತ್ತಲೆಗೆ ಹೋಗಿ ಕೂರುತ್ತದೆ.

6. ಬೈಕಿನ ಕೀಲಿಕೈಯ ಜೊತೆ ಹೊಣೆಯನ್ನೂ ಕೊಡುತ್ತಿದ್ದೀರಿ

ಹಟಕ್ಕೆ ಸೋತು ಹದಿನೇಳರ ಮಗನಿಗೆ ದೊಡ್ಡ ಬೈಕು ಕೊಟ್ಟ ತಂದೆಯರನ್ನು ನೋಡಿದ್ದೇನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ವಾಹನದ ನೋಂದಣಿ ಒಂದು ವರ್ಷ ರದ್ದು. ಈ ಅಂಕಿಗಳನ್ನು ಮಗನ ಮುಂದೆಯೇ ತಂದೆಗೆ ಹೇಳುತ್ತೇನೆ. "ನೀನು ಬಿದ್ದರೆ" ಎಂಬ ಮಾತಿಗೆ ಅಲುಗದ ಹುಡುಗ "ಅಪ್ಪನನ್ನು ಕರಕೊಂಡು ಹೋಗ್ತಾರೆ" ಎಂದಾಗ ತಲೆಯೆತ್ತಿ ನೋಡಿದ್ದುಂಟು. ಇಂಥ ಮಕ್ಕಳು ತಮ್ಮ ಮೈಯನ್ನು ಪಣಕ್ಕಿಟ್ಟಷ್ಟು ಸುಲಭವಾಗಿ ಇನ್ನೊಬ್ಬರದನ್ನು ಇಡುವುದಿಲ್ಲ.

7. ಒಬ್ಬನೇ ಇದ್ದರೆ ಮಾಡುತ್ತಿದ್ದೆಯಾ?

2005ರಲ್ಲಿ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಅಧ್ಯಯನ ಪ್ರಕಟಿಸಿದರು. ಹದಿಹರೆಯದವರು, ಕಾಲೇಜು ವಯಸ್ಸಿನವರು, 24 ದಾಟಿದವರು ಹೀಗೆ ಮೂರು ಗುಂಪು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಕೆಂಪು ದೀಪ ಬೀಳುವ ಮೊದಲು ಎಷ್ಟು ದೂರ ನುಗ್ಗುತ್ತೀರಿ ಎಂಬ ಪರೀಕ್ಷೆ. ಗೆಳೆಯರು ಪಕ್ಕದಲ್ಲಿ ನಿಂತಾಗ ಕಿರಿಯರು ತೆಗೆದುಕೊಂಡ ಅಪಾಯ ಬಹಳ ಏರಿತು. ಹಿರಿಯರ ಗುಂಪಿನಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮಳೆಗಾಲದ ಭಾನುವಾರ ಚಾರ್ಮಾಡಿ ಘಾಟಿಯಲ್ಲಿ ಹೋದರೆ ಈ ಅಧ್ಯಯನ ಬಂಡೆಯ ಮೇಲೆ ನಿಂತಿರುತ್ತದೆ. ರಸ್ತೆ ಬದಿಯ ಜಲಪಾತದಲ್ಲಿ ಒಬ್ಬ ಪಾಚಿಗಟ್ಟಿದ ಕಲ್ಲು ಹತ್ತುತ್ತಾನೆ, ಕೆಳಗೆ ನಾಲ್ಕು ಮೊಬೈಲುಗಳು ಎತ್ತಿ ಹಿಡಿದಿರುತ್ತವೆ. ಮೊದಲು ಗೆಳೆಯರ ಕಣ್ಣು ಮಾತ್ರ ಇತ್ತು, ಈಗ ಆ ಕಣ್ಣಿಗೆ ಎಣಿಸಲಾಗದಷ್ಟು ರೆಪ್ಪೆ. 2023ರ ಫೆಬ್ರುವರಿಯಲ್ಲಿ ಚಿತ್ರದುರ್ಗದ ಜ್ಯೋತಿರಾಜ್ ಬೆಳ್ತಂಗಡಿಯ ಗಡಾಯಿಕಲ್ಲನ್ನು ಏರಿದಾಗ ನಮ್ಮ ಹುಡುಗರೆಲ್ಲ ಆ ವಿಡಿಯೊ ನೋಡಿದರು. ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಆ ಬಂಡೆಗೆ ಮೆಟ್ಟಿಲ ದಾರಿಯೂ ಉಂಟು. ಮೆಟ್ಟಿಲು ಬಿಟ್ಟು ಬಂಡೆಯನ್ನೇ ಏರಿದ ಆ ಬೆರಳುಗಳ ಹಿಂದೆ ಚಿತ್ರದುರ್ಗದ ಕೋಟೆಗೋಡೆಗಳಲ್ಲಿ ವರ್ಷಗಟ್ಟಲೆ ಸವೆದ ಅಭ್ಯಾಸವಿದೆ. ವಿಡಿಯೊ ಆ ವರ್ಷಗಳನ್ನು ತೋರಿಸುವುದಿಲ್ಲ.

"ಯಾರೂ ನೋಡದಿದ್ದರೂ, ಮೊಬೈಲು ಮನೆಯಲ್ಲೇ ಉಳಿದಿದ್ದರೂ ಇದನ್ನು ಮಾಡುತ್ತಿದ್ದೆಯಾ?" ಎಂದು ಕೇಳಿದಾಗ ಅನೇಕರು ಬಹಳ ಹೊತ್ತು ಸುಮ್ಮನಿರುತ್ತಾರೆ. ಆ ಮೌನವನ್ನು ನಾನು ತುಂಬುವುದಿಲ್ಲ. ಹೌದು ಎಂದವನ ಹಂಬಲ ನಿಜವಾದದ್ದು, ಅವನಿಗೆ ಕರೆ ಬೇಕು. ಇಲ್ಲ ಎಂದವನಿಗೆ ಬೇಕಾದದ್ದು ಬಂಡೆಯಲ್ಲ, ಗೆಳೆಯರ ನಡುವೆ ಒಂದು ಜಾಗ. ಅದನ್ನು ಮೈ ಮುರಿದುಕೊಳ್ಳದೆಯೂ ಸಂಪಾದಿಸಬಹುದು.

8. ಮನೆಯೊಳಗೆ ಕೂತವನೂ ಬಂಡೆ ಹತ್ತುತ್ತಿರಬಹುದು

ಹೆಚ್ಚಿನ ಹೆತ್ತವರು ತಡವಾಗಿ ಬರುವುದು ಮೊಬೈಲಿನ ಬೆಟ್ಟಿಂಗಿನ ವಿಷಯಕ್ಕೆ. "ಮನೆ ಬಿಟ್ಟು ಹೊರಗೇ ಹೋಗುದಿಲ್ಲ, ಪಾಪದ ಹುಡುಗ" ಎಂದುಕೊಂಡಿದ್ದವನ ಸಾಲ ಗೊತ್ತಾದಾಗ ಅಮ್ಮನ ಬಳೆ ಅಡವಿಗೆ ಹೋಗಿರುತ್ತದೆ. ಹಣ ಕಟ್ಟಿದ ಮೇಲೆ ಚೆಂಡು ಬೀಳುವ ಮುಂಚಿನ ಆ ಕ್ಷಣದ ಎದೆಬಡಿತ ಹೊಳೆಗೆ ಹಾರುವ ಮುಂಚಿನ ಎದೆಬಡಿತವೇ. ವ್ಯತ್ಯಾಸ ಒಂದೇ. ಹೊಳೆಗೆ ಹಾರಿದವನು ದಣಿಯುತ್ತಾನೆ, ಚಳಿಯಾಗುತ್ತದೆ, ಕತ್ತಲಾಗುತ್ತದೆ, ಮನೆಗೆ ಹೋಗುತ್ತಾನೆ. ಮೊಬೈಲಿನ ಜೂಜಿಗೆ ಮಂಜೊಟ್ಟಿಯೇ ಇಲ್ಲ.

2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಕಾನೂನು ಬಾಗಿಲು ಮುಚ್ಚಬಹುದು, ಹಸಿವನ್ನು ಮುಚ್ಚಲಾರದು. ಬಿಟ್ಟು ಹೊರಬಂದವರ ಜೊತೆ ನಾನು ಮೊದಲು ಮಾಡುವುದು ಸಾಲದ ಪಟ್ಟಿ. ಗುಟ್ಟು ಇರುವ ತನಕ "ಕಳಕೊಂಡದ್ದನ್ನು ಒಮ್ಮೆ ಹಿಂದೆ ತೆಗೀತೇನೆ" ಎಂಬ ಆಸೆ ಸಾಯುವುದಿಲ್ಲ. ಮನೆಯಲ್ಲಿ ನಂಬಿಗಸ್ತರೊಬ್ಬರ ಮುಂದೆ ಪೂರ್ತಿ ಮೊತ್ತ ಹೇಳಿದ ದಿನವೇ ಚಿಕಿತ್ಸೆಯ ಮೊದಲ ದಿನ. ಹೆತ್ತವರಿಗೆ ಒಂದು ಬಿನ್ನಹ: ಆ ದಿನ ಬೈಯಬೇಡಿ.

9. ಹೆಣ್ಣುಮಕ್ಕಳ ಹಂಬಲಕ್ಕೆ ಹೆಸರೇ ಇಲ್ಲ

ಮೈಯ ಸಾಹಸದಲ್ಲಿ ಗಂಡಸರ ಸರಾಸರಿ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಹೊಸ ಅನುಭವದ ಹಸಿವಿನಲ್ಲಿ ಅಂಥ ವ್ಯತ್ಯಾಸ ಹೆಚ್ಚು ಕಾಣುವುದಿಲ್ಲ. ನನ್ನ ಕೋಣೆಗೆ ಹುಡುಗಿಯರು ಬರುವುದು ಬೇರೆ ದೂರು ಹೊತ್ತು: ತಲೆನೋವು, ನಿದ್ದೆ ಇಲ್ಲ, ಓದಲು ಮನಸ್ಸಿಲ್ಲ. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದ ಒಬ್ಬಳು ಮೂರನೇ ಭೇಟಿಯಲ್ಲಿ ಮೆಲ್ಲಗೆ ಹೇಳಿದಳು, "ನನಗೆ ಒಬ್ಬಳೇ ರಾತ್ರಿ ಬಸ್ಸಲ್ಲಿ ದೂರ ಹೋಗ್ಬೇಕು ಅಂತ ಆಗ್ತದೆ ಮೇಡಂ. ಇದು ತಪ್ಪಾ?" ಅಣ್ಣನ ಇದೇ ಆಸೆಯನ್ನು ಮನೆಯವರು 'ಧೈರ್ಯ' ಎನ್ನುತ್ತಿದ್ದರು. ಅವಳ ಆಸೆಗೆ ಮನೆಯಲ್ಲಿ ಶಬ್ದವೇ ಇರಲಿಲ್ಲ. ಆಕೆ ಎನ್‌ಸಿಸಿ ಸೇರಿದಳು, ಶಿಬಿರಗಳಿಗೆ ಹೋದಳು, ತಲೆನೋವಿನ ಮಾತು ತಾನಾಗಿ ನಿಂತಿತು. ಮಗಳಿಗೂ ಒಂದು ಕರೆ ಬೇಕು ಎಂದು ತಂದೆತಾಯಿಗೆ ಹೇಳಲು ನನಗೆ ಇನ್ನೂ ಹೆಚ್ಚು ಧೈರ್ಯ ಬೇಕಾಗುತ್ತದೆ. ಹೇಳುತ್ತಲೇ ಇದ್ದೇನೆ.

10. ರೋಮಾಂಚನದ ವೇಷ ತೊಟ್ಟ ನೋವನ್ನು ಗುರುತಿಸಿ

ಎಲ್ಲ ಹುಚ್ಚು ಧೈರ್ಯವೂ ಸ್ವಭಾವವಲ್ಲ. ಜಾಗ್ರತೆಯ ಹುಡುಗನೊಬ್ಬ ಕೆಲವೇ ವಾರಗಳಲ್ಲಿ ಹೆಲ್ಮೆಟ್ ಬಿಟ್ಟು ರಾತ್ರಿ ಬೈಕು ಹಾರಿಸತೊಡಗಿದರೆ ಅದು ಗಮ್ಮತ್ತಿನ ಲಕ್ಷಣವಲ್ಲ. ಸ್ವಭಾವದಿಂದ ಸಾಹಸಿಯಾದವನು ತನ್ನ ಕತೆಯನ್ನು ಹೊಳೆಯುವ ಕಣ್ಣಿನಿಂದ ಹೇಳುತ್ತಾನೆ, ನಾಳೆಯ ಯೋಜನೆ ಹೇಳುತ್ತಾನೆ. ನೋವಿನಿಂದ ಓಡುವವನಿಗೆ ನಾಳೆ ಎಂಬುದೇ ಇರುವುದಿಲ್ಲ. "ಎಂತ ಆದ್ರೂ ಆಗ್ಲಿ" ಎನ್ನುತ್ತಾನೆ. ಹಾಗೆಯೇ ನಿದ್ದೆಯಿಲ್ಲದೆ ದಿನಗಟ್ಟಲೆ ಉತ್ಸಾಹ ಉಕ್ಕಿ, ಮಾತು ನಿಲ್ಲದೆ, ಹಣ ಸುರಿಯತೊಡಗಿದರೆ ಅದು ಮನೋವೈದ್ಯರು ನೋಡಬೇಕಾದ ಸ್ಥಿತಿ. ಕೌನ್ಸೆಲಿಂಗ್ ಒಂದರಿಂದಲೇ ಆಗುವಂಥದ್ದಲ್ಲ.

ಅನುಮಾನ ಬಂದಾಗ ನೇರವಾಗಿ ಕೇಳುತ್ತೇನೆ: "ಸಾಯಬೇಕು ಅಂತ ಅನಿಸಿದ್ದುಂಟಾ?" ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರ ಭುಜ ಇಳಿಯುವುದನ್ನು ಕಂಡಿದ್ದೇನೆ, ಹೊತ್ತ ಹೊರೆ ಇಳಿಸಿದ ಹಾಗೆ. ಹತ್ತಿರ ಯಾರೂ ಇಲ್ಲದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ರಾತ್ರಿ ಹಗಲು ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

11. ಕಾಲ ನಮ್ಮ ಕಡೆಗಿದೆ, ದಾಟಿಸುವುದಷ್ಟೇ ಕೆಲಸ

ಈ ಹಂಬಲ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆರಂಭದಲ್ಲಿ ತುತ್ತತುದಿಗೆ ಏರಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಾಣುವ ಮಾತಿದು. ಆ ಏರಿನ ವರ್ಷಗಳಲ್ಲಿ ಮಗುವನ್ನು ಜೀವಂತವಾಗಿ, ಮಾನ ಉಳಿಸಿ, ಸಂಬಂಧ ಕಡಿಯದೆ ದಾಟಿಸಿದರೆ ಗೆದ್ದಂತೆ. ದಾಟಿಸುವವರಿಗೆ ತಾಳ್ಮೆ ಬೇಕು. ಹುಡುಗ ಗುಟ್ಟಾಗಿ ಹೋಗುವುದಕ್ಕಿಂತ ಹೇಳಿ ಹೋಗುವಂತಾದರೆ ಅರ್ಧ ಅಪಾಯ ಅಲ್ಲಿಗೇ ಕಡಿಮೆಯಾಯಿತು.

ಮೊದಲ ಪಾಠದ ಪಾಣೆಮಂಗಳೂರಿನ ಹುಡುಗನ ಜೊತೆ ನಾವು ಬರೆದ ಕರೆ ಹೀಗಿತ್ತು. ಮರಳು ತೆಗೆದ ಹೊಳೆಯಲ್ಲಿ ಹೊಂಡ ಎಲ್ಲಿದೆ, ದಿಬ್ಬ ಎಲ್ಲಿದೆ ಎಂದು ಹೋದ ವರ್ಷದ ನೆನಪು ನಂಬಬಾರದು. ಘಟ್ಟದಲ್ಲಿ ಮಳೆ ಬಂದ ದಿನ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ, ಇಳಿಯಬಾರದು. ಒಬ್ಬನೇ ಹೋಗಬಾರದು. ದಡದ ಹಿರಿಯ ಈಜುಗಾರರು ಬೇಡ ಎಂದರೆ ಬೇಡ. ಆ ಹಿರಿಯರ ಜೊತೆ ಓಡಾಡುತ್ತ ಅವನು ಮುಳುಗುವವರನ್ನು ಎಳೆದು ತರುವ ಕ್ರಮ ಕಲಿತ. ನೇತ್ರಾವತಿಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ದೋಣಿ, ಸಲಕರಣೆ ಬರುವ ಮೊದಲು ನೀರಿಗಿಳಿಯುವವರು ದಡದ ಇಂಥ ಹುಡುಗರೇ ತಾನೇ.

ಮೊನ್ನೆ ಪೇಟೆಯಲ್ಲಿ ಅವನ ತಾಯಿ ಸಿಕ್ಕಿದರು. ಹೇಗಿದ್ದಾನೆ ಎಂದು ಕೇಳಿದೆ.

"ಹಾರುದು ಬಿಟ್ಟಿಲ್ಲ ಮೇಡಂ," ಎಂದರು. "ಆದ್ರೆ ಈಗ ಮೊದಲು ಇಳಿದು ಆಳ ನೋಡ್ತಾನೆ."